ಸೂರ್ಯನ ಕರೆಂಟು ಮಾರಾಕಿ

ನಾ ಮಾಡೋ ನೌಕರಿಯೊಳಗ ನಗು ಬರಲಾರದ ದಿನ ಅಂತ ಒಂದು ಬಂತಂದ್ರ, ಅವತ್ತು ಆಫೀಸಿಗೆ ಸೂಟಿ ಇದ್ದೀತು ಅಂತ ತಿಳ್ಕೋಬೇಕು. ಉಳಿದ ದಿನ ಏನರೆ ಒಂದು ಆಗಿನಽ ಆಗ್ತದ. ನಾ ಹುಡುಕ್ಕೊಂಡು ಹೋಗೂದು ಬ್ಯಾಡ, ಅದಽ ಲೋಕಲ್ ಟ್ರೇನ್ ಹಿಡ್ಕೊಂಡು ನನ್ನ ಹುಡುಕ್ಕೊಂಡು ಬರ್ತದ.

ನೌಕರಿ ಏನಂತ ಮೊದಲ ಹೇಳಿಬಿಡ್ತೀನಿ, ಇಲ್ಲಂದ್ರ ನಮ್ಮ ಬಳಗದವರಂಗ ನೀವೂ ತಪ್ಪು ತಿಳ್ಕೋತೀರಿ. ಮುಂಬಯಿಯೊಳಗ ಯಾರಿಗೆ ಮನಸ್ಸದನೋ ಅವರು ಕರೆಂಟಿನ ಕಂಪನಿಗೆ, "ನಾವು ಎಷ್ಟು ಕರೆಂಟು ಬಳಸ್ತೀವೋ ಅಷ್ಟನ್ನ ಸೂರ್ಯನಿಂದ, ಗಾಳಿಯಿಂದ ಮಾಡಿದ್ದಽ ತಗೊಂಡು ಬರ್ರಿ" ಅಂತ ಬರದು ಕೊಡಬಹುದು. ಯುನಿಟ್ಟಿಗೆ ಒಂಚೂರು ಹೆಚ್ಚಿಗೆ ಬೀಳ್ತದ. ಅದಕ್ಕ ಕಂಪನಿಯವರು ತಿಂಗಳಿಗೊಮ್ಮೆ ಒಂದು ಹಸರು ಸರ್ಟಿಫಿಕೇಟು ಕಳಸ್ತಾರ. ಯಾರದೂ ಜುಲುಮಿ ಇಲ್ಲ. ಮನಸ್ಸಿದ್ರ ತಗೋಬೇಕು, ಇಲ್ಲಂದ್ರ ಬಿಡಬೇಕು. ಜನರಿಗೆ ಆ ಮನಸ್ಸು ಬರೂಹಂಗ ಮಾಡೂದು ನನ್ನ ಕೆಲಸ. ಗೋರೆಗಾಂವದೊಳಗ ಒಂದು ಸಣ್ಣ ಏಜೆನ್ಸಿ. ಸಾಹೇಬರು, ನಾನು, ಇನ್ನೊಂದಿಬ್ಬರು, ಮತ್ತ ಒಂದು ಕೆಟ್ಟ ಎಸಿ.

ಮದುವಿ ಆದಾಗಿಂದ ಮನಿ, ಮಕ್ಕಳು, ಡಬ್ಬಿ, ಇಷ್ಟಽ ನೋಡ್ಕೊಂಡು ಇದ್ದಾಕಿ ನಾನು. ಮಕ್ಕಳು ದೊಡ್ಡವರಾಗಿ ತಮ್ಮ ಡಬ್ಬಿ ತಾವಽ ತುಂಬ್ಕೊಳ್ಳಿಕ್ಕೆ ಹತ್ತಿದ ಮ್ಯಾಲೆ ಈ ನೌಕರಿ ಸಿಕ್ತು. ಸಾಹೇಬರು ಮೊದಲನೇ ದಿನಾನಽ ಖಡಕ್ ಆಗಿ ಹೇಳಿದ್ರು: "ಒಂದು ವರ್ಷ ನೋಡೋಣ. ಹೋಟೆಲು, ಅಂಗಡಿ ಬಂದ್ರ ಛಲೋನಽ. ಆದ್ರ ವರ್ಷದೊಳಗ ಒಂದರೆ ಪೂರಾ ಹೌಸಿಂಗ್ ಸೊಸೈಟಿ ಬರಬೇಕು. ಅದು ಬರಲಿಲ್ಲ ಅಂದ್ರ ಈ ಟೇಬಲ್ ಬಂದ್." ಈ ಟೇಬಲ್ ಅಂದ್ರ ನನ್ನ ಟೇಬಲ್. ಅದರ ಮುಂದಿನ ಖುರ್ಚಿಗೆ ಒಂದು ಗಾಲಿ ಇಲ್ಲ, ಎಡಕ್ಕ ವಾಲಿ ಕೂಡಬೇಕು. ಆದ್ರೂ ಅದು ನನ್ನ ಖುರ್ಚಿ. ಮುಂಜಾನೆ ಕೊರಳಾಗ ಆಫೀಸಿನ ಕಾರ್ಡು ಹಾಕ್ಕೊಂಡು ಹೊಂಟಾಗ ಯಾರರೆ "ಎಲ್ಲೆ ಹೊಂಟ್ರಿ" ಅಂತ ಕೇಳಿದ್ರ "ಆಫೀಸಿಗೆ" ಅಂತ ಅನ್ನೂದರೊಳಗ ಎಷ್ಟು ಸುಖ ಅದ ಅನ್ನೂದು, ಸಣ್ಣಂದಿನಿಂದ ಅದನ್ನಽ ಹೇಳ್ಕೋತ ಬಂದವರಿಗೆ ತಿಳಿಯಂಗಿಲ್ಲ. ಆ ಖುರ್ಚಿ ಹೋಗಬಾರದು ಅಂತ ನಾ ಆ ವರ್ಷ ಮುಂಬಯಿ ತುಂಬ ತಿರಗಿದೆ.

ಕರೆಂಟಿನ ಮಡಿ

ಗಿರಾಕಿ ಹುಡುಕೂದು ಮನಿಯಿಂದಽ ಸುರು ಮಾಡಿದೆ. ನಮ್ಮನಿಯವರು ಪೇಪರ್ ಮುಖದ ಮುಂದಿಂದ ಸರಸಲಾರದಽ "ಎಲ್ಲೆ ಸಹಿ ಮಾಡಲಿ" ಅಂದ್ರು. ಅವರು ಹಂಗಽ. ನಾಳೆ ನಾ ಮನಿ ಬರಸ್ಕೊಂಡ್ರೂ ಅಷ್ಟಽ ಕೇಳ್ತಾರ.

ತ್ರಾಸ ಆದದ್ದು ನಮ್ಮ ಅತ್ತಿಯವರದು. ವಿಜಯಪುರದವರು, ಮಾವನವರು ಊರಾಗ ಹೊಲಾ ನೋಡ್ಕೋತಾರ, ಇವರು ನಮ್ಮ ಜೋಡಿನಽ ಇರ್ತಾರ, ಭಾಳ ಮಡಿ. ದೇವರ ನೈವೇದ್ಯದ ಅಡಿಗಿ ಮಾತ್ರ ಅವರು ಗ್ಯಾಸಿನ ಮ್ಯಾಲೆ ಮಾಡಂಗಿಲ್ಲ, ಇಂಡಕ್ಷನ್ ಒಲಿ ಮ್ಯಾಲೆ ಮಾಡ್ತಾರ. "ಸಿಲಿಂಡರು ಯಾರ್ಯಾರ ಮನಿ ತಿರಗಿ ಬಂದಿರ್ತದೋ ಯಾರಿಗೆ ಗೊತ್ತು? ಕರೆಂಟಿಗೆ ಮೈಲಿಗಿ ಇಲ್ಲ" ಅನ್ನೂದು ಅವರ ಶಾಸ್ತ್ರ. ನಾ ಖುಷಿಲೆ ಸೂರ್ಯನ ಕರೆಂಟಿನ ಸುದ್ದಿ ಹೇಳಿದೆ. ಅವರು ಕೂತು ವಿಚಾರಣಿ ಸುರು ಮಾಡಿದ್ರು.

"ಹಂಗಾದ್ರ ಸೂರ್ಯನ ಕರೆಂಟಿಗೆ ಬ್ಯಾರೆ ತಂತಿ ಹಾಕ್ತಾರೇನು?"

"ಇಲ್ರಿ, ತಂತಿ ಅದಽ. ಎಲ್ಲಾ ಕರೆಂಟೂ ಅದರೊಳಗಽ ಬರ್ತದ."

"ಕಲ್ಲಿದ್ದಲಿ ಸುಟ್ಟು ಮಾಡಿದ್ದೂ?"

"ಹೂಂ."

"ಕಸಾ ಸುಟ್ಟು ಮಾಡಿದ್ದೂ?"

ಅಲ್ಲೆ ನಾ ಬಾಯಿ ಮುಚ್ಕೊಂಡು ಕೂತಿದ್ರ ಆಗ್ತಿತ್ತು. ಆದ್ರ ಆಫೀಸಿನ ಟ್ರೇನಿಂಗಿನೊಳಗ ಗಿರಾಕಿಗೆ ಸುಳ್ಳು ಹೇಳಬಾರದು ಅಂತ ಕಲಿಸಿದ್ರಲ್ಲ. "ಎಲ್ಲೋ ಒಂಚೂರು ಇರಬಹುದುರಿ" ಅಂದೆ. ಅತ್ತಿಯವರು ಎದ್ದು ಒಳಗ ಹೋಗಿ ಇಂಡಕ್ಷನ್ ಒಲಿ ಪ್ಲಗ್ ಕಿತ್ತು, ವಾಯರ್ ಸುತ್ತಿ, ಅಟ್ಟದ ಮ್ಯಾಲೆ ಇಟ್ಟು ಬಂದ್ರು. ಅವತ್ತಿಂದ ದೇವರಿಗೆ ಬರೇ ಬಾಳಿಹಣ್ಣು. ದೇವರಿಗೆ ನೈವೇದ್ಯ ಆಗಲಾರದ ಅಡಿಗಿ ಅವರು ನಮಗೂ ಬಡಸಂಗಿಲ್ಲ, ಹಿಂಗಾಗಿ ನಮಗೂ ಬಾಳಿಹಣ್ಣು. ನಮ್ಮನಿಯವರು ಮೊದಲನೇ ಸಲ ಪೇಪರ್ ಕೆಳಗ ಇಟ್ಟು, "ನಿನ್ನ ನೌಕರಿ ಎಷ್ಟು ದಿನದ್ದು?" ಅಂತ ಕೇಳಿದ್ರು.

ಹಸಿವಿ ಮನಷ್ಯಾಗ ಬುದ್ಧಿ ಕಲಸ್ತದ. ಮರುದಿನ ಅತ್ತಿಯವರ ಮುಂದ ಕೂತು ಕೇಳಿದೆ: "ಮಠದ ಅನ್ನಸಂತರ್ಪಣಿಗೆ ನೀವು ವರ್ಷಾ ಅಕ್ಕಿ ಕಳಸ್ತೀರಲ್ಲ, ಊಟಕ್ಕ ಕೂತಾಗ ನಿಮ್ಮ ಅಕ್ಕಿನಽ ನಿಮ್ಮ ಎಲಿಗೆ ಬರ್ತದೇನ್ರಿ?"

"ಅದು ಹೆಂಗ ಬರ್ತದ? ಎಲ್ಲಾರ ಅಕ್ಕಿ ಒಂದಽ ಹಂಡೆದೊಳಗ ಬೀಳ್ತದ."

"ಆದ್ರ ನೀವು ಕೊಟ್ಟ ಅಕ್ಕಿ ಹಂಡೆದೊಳಗ ಬಿದ್ದದ್ದು ಖರೇ ಹೌದಲ್ರಿ? ಮಠದವರು ಅಕ್ಕಿ ಮುಟ್ಟಿತು ಅಂತ ಪಾವತಿ ಕೊಡ್ತಾರಲ್ರಿ? ಇದೂ ಹಂಗಽ. ನಾವು ಕೊಟ್ಟಷ್ಟು ಸೂರ್ಯನ ಕರೆಂಟು ಹಂಡೆದೊಳಗ ಬೀಳ್ತದ. ನಮ್ಮ ಎಲಿಗೆ ಯಾವುದು ಬಂತು ಅಂತ ನೋಡಬಾರದು."

ಅತ್ತಿಯವರು ಎದ್ದು ಅಟ್ಟದ ಕಡೆ ಹೊಂಟ್ರು. "ಅಂದ್ರ ಇದು ದಾನ. ದಾನ ಅಂತ ಮೊದಲಽ ಹೇಳಿದ್ರ ಏನಾಗ್ತಿತ್ತವಾ? ಕರೆಂಟು ಕರೆಂಟು ಅಂತ ತಲಿ ತಿಂದಿ" ಅಂದು ಒಲಿ ಕೆಳಗ ಇಳಿಸಿದ್ರು. ಅವತ್ತು ಮಾಡಿದ ಹೋಳಿಗಿ ರುಚಿ ಇನ್ನೂ ನಾಲಗಿ ಮ್ಯಾಲೆ ಅದ. ಆ ಹಂಡೆದ ಮಾತು ಮುಂದ ಎಷ್ಟು ಗಿರಾಕಿಗಳಿಗೆ ಹೇಳೀನೋ ಲೆಕ್ಕ ಇಲ್ಲ. ಟ್ರೇನಿಂಗಿನೊಳಗ ಕಲಿಸಿದ್ದಕ್ಕಿಂತ ಅದಽ ಹೆಚ್ಚು ಉಪಯೋಗಕ್ಕ ಬಂತು.

ಆದ್ರ ಅತ್ತಿಯವರು ಅಷ್ಟಕ್ಕ ಬಿಡಲಿಲ್ಲ. ವಿಜಯಪುರದ ಬಳಗಕ್ಕೆಲ್ಲ ಫೋನ್ ಹಚ್ಚಿ, ಸೊಸಿ ಮುಂಬಯಿಯೊಳಗ ಸೂರ್ಯನಾರಾಯಣನ ಹೆಸರಲೆ ದಾನ ಕೂಡಸ್ಲಿಕ್ಕೆ ಹತ್ಯಾಳ ಅಂತ ಹೇಳಿಬಿಟ್ರು. ಈಗ ಯಾವ ಲಗ್ನಕ್ಕ ಹೋದ್ರೂ ಯಾರರೆ ಒಬ್ರು ನನ್ನ ಕೈ ಹಿಡದು ಕೇಳ್ತಾರ: "ಗುಡಿ ಎಲ್ಲಿತನಾ ಬಂತವಾ? ಕಳಸಾ ಇಡೂ ಮುಂದ ತಿಳಸು."

ಹಾರ ಹಾಕಿದ ಸರ್ಟಿಫಿಕೇಟು

ಹೊರಗಿನ ಮೊದಲನೇ ಗಿರಾಕಿ ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನ ಮಾಲಕರು. ಅವರ ಉಪಕಾರ ನಾ ಮರೆಯಂಗಿಲ್ಲ. ಬಿಸಲಾಗ ತಿರಗಿ ಹೋದ್ರ ನಾ ಬಾಯಿ ತಗಿಯೂದ್ರೊಳಗ ಕಾಫಿ ತರಸ್ತಿದ್ರು, ಆಮ್ಯಾಲೆ "ಈಗ ಹೇಳಿ ಮಾರಾಯ್ರೆ" ಅಂತಿದ್ರು. ನಾ ಹೇಳಿದ್ದೆಲ್ಲ ಕೇಳಿ, "ಒಳ್ಳೆ ಕೆಲಸ ಅಲ್ವಾ, ಹಾಕಿ" ಅಂತ ಒಂದಽ ಮಾತಿನೊಳಗ ಒಪ್ಪಿದ್ರು.

ಮೊದಲನೇ ಸರ್ಟಿಫಿಕೇಟು ಬಂದ ಕೂಡ್ಲೆ ಅದಕ್ಕ ಗಾಜಿನ ಕಟ್ಟು ಹಾಕಿಸಿ, ರೊಕ್ಕದ ಗಲ್ಲೆದ ಹಿಂದಿನ ಗ್ವಾಡಿ ಮ್ಯಾಲೆ, ದೇವರ ಫೋಟೋದ ಬಾಜೂಕ ತೂಗು ಹಾಕಿದ್ರು. ಮುಂಜಾನೆ ದೇವರಿಗೆ ಊದಿನಕಡ್ಡಿ ತಿರಗಸೂ ಮುಂದ ಕೈ ಹಂಗಽ ಮುಂದ ಹೋಗಿ ಸರ್ಟಿಫಿಕೇಟಿಗೂ ತಿರಗ್ತಿತ್ತು. ದೇವರಿಗೆ ಗಂಧ, ಅದಕ್ಕೂ ಗಂಧ. ದೇವರಿಗೆ ಸೇವಂತಿಗಿ ಹಾರ, ಅದಕ್ಕೂ ಹಾರ.

ತಿಂಗಳ ಮ್ಯಾಲೆ ಎರಡನೇದು ಬಂತು. ಫೋನ್ ಮಾಡಿದ್ರು. "ಮೇಡಂ, ಹಳೇದನ್ನು ಏನು ಮಾಡುವುದು?"

"ಏನಿಲ್ರಿ, ಅದನ್ನ ತಗದು ಅದಽ ಕಟ್ಟಿನೊಳಗ ಹೊಸಾದು ಹಾಕ್ರಿ."

"ತೆಗೆದು ಎಲ್ಲಿ ಇಡುವುದು? ಒಂದು ತಿಂಗಳು ಪೂಜೆ ಆದದ್ದು. ಕಸಕ್ಕೆ ಹಾಕ್ಲಿಕ್ಕೆ ಆಗ್ತದಾ?"

"ಹಂಗಾದ್ರ ಹೊಸಾದರ ಹಿಂದ ಇಡ್ರಿ."

"ಪೂಜೆ ಆದದ್ದನ್ನು ಹಿಂದೆ ಹಾಕಿ ಪೂಜೆ ಆಗದ್ದನ್ನು ಮುಂದೆ ಇಡುವುದಾ? ನೀವೇ ಹೇಳಿ."

ಕಂಪನಿಯ ನಿಯಮದೊಳಗ ಇದಕ್ಕ ಉತ್ತರ ಇಲ್ಲ. ಚೌಪಾಟಿಗೆ ಹೋಗಿ ಸಮುದ್ರದಾಗ ಬಿಡೋಣು ಅಂದ್ರ, ಪರಿಸರ ಕಾಯೂ ಸರ್ಟಿಫಿಕೇಟನ್ನಽ ಸಮುದ್ರಕ್ಕ ಒಗದಂಗ ಆಗ್ತದ. ಹಿಂಗಾಗಿ ಎರಡನೇದಕ್ಕೂ ಕಟ್ಟು ಬಂತು, ಹಾರ ಬಂತು. ಮೂರನೇದಕ್ಕೂ ಬಂತು. ದೀಪಾವಳಿ ಹೊತ್ತಿಗೆ ಗ್ವಾಡಿ ತುಂಬಿ, ಮೆನು ಬೋರ್ಡು ಕೈ ತೊಳಿಯೂ ಜಾಗಾಕ್ಕ ಹೋತು.

ಒಂದಿನ ನಾ ಅಲ್ಲೆ ಕಾಫಿ ಕುಡೀತಿದ್ದಾಗ ಭಾಳ ದಿನಕ್ಕ ಬಂದ ಹೋಟೆಲಿನ ಒಬ್ಬ ಹಳೇ ಗಿರಾಕಿ ಒಳಗ ಬಂದ್ರು. ವಯಸ್ಸಾದವರು, ಚಷ್ಮಾ ಕಿಸೆದಾಗ ಇತ್ತು. ಸಾಲಾಗಿ ಹಾರ ಹಾಕಿದ ಕಟ್ಟು ನೋಡಿದವರು ಹಂಗಽ ನಿಂತುಬಿಟ್ರು. ಚಪ್ಪಲಿ ಬಿಟ್ಟು, ಒಂದೊಂದಕ್ಕೂ ಕೈ ಮುಗದು, ಮಾಲಕರ ಹೆಗಲ ಮ್ಯಾಲೆ ಕೈ ಇಟ್ಟು ಸಣ್ಣ ದನಿಯೊಳಗ ಅಂದ್ರು: "ನಾನು ಊರಲ್ಲಿದ್ದೆ, ಒಬ್ಬರೂ ತಿಳಿಸಲಿಲ್ಲ ನೋಡಿ. ಒಂದೇ ವರ್ಷದಲ್ಲಿ ಇಷ್ಟು ಜನ ಹೋದರಾ?"

ಸಾಂತಾಕ್ರೂಜದ ಸೂರ್ಯಭಕ್ತರು

ಗ್ರಾಂಟ್ ರೋಡಿನ ಮಾಲಕರಽ ನನ್ನ ಸಾಂತಾಕ್ರೂಜದ ಒಬ್ಬ ಅರಿವಿ-ಬಟ್ಟಿ ವ್ಯಾಪಾರಿ ಕಡೆ ಕಳಸಿದ್ರು. ಬೆಳಗಾವಿ ಕಡೆಯವರು, ಭಾಳ ಸಾದಾ ಮನಷ್ಯಾ. ಮನಿ ಮೀಟರಿಗೆ ಸೂರ್ಯನ ಕರೆಂಟು ಬೇಕು ಅಂತ ತಾವಽ ಕೇಳಿದ್ರು. ಇಂಥಾ ಗಿರಾಕಿ ಸಿಗೂದು ಪುಣ್ಯ ಅಂತ ನಾ ಬರೂ ಹಾದ್ಯಾಗ ಪೇಢೆ ತಗೊಂಡು ಬಂದೆ.

ಮಳಿಗಾಲ ಸುರು ಆತು. ಮುಂಬಯಿ ಮಳಿ ನಿಮಗ ಗೊತ್ತದಲ್ಲ, ಹಿಡೀತಂದ್ರ ಸೂರ್ಯ ಎಲ್ಲಿದ್ದಾನ ಅಂತ ಸುದ್ದಿನಽ ಇರಂಗಿಲ್ಲ. ಅಂಥಾದ್ರೊಳಗ ಅವರ ಮಗಳು ಫೋನ್ ಮಾಡಿದ್ಲು. ಕಾಲೇಜಿಗೆ ಹೋಗೂ ಹುಡುಗಿ, ಕನ್ನಡ ತಿಳೀತದ, ಆಡೋ ಮುಂದ ಎಡವ್ತಾಳ.

"ಆಂಟಿ, ಪ್ಲೀಸ್ ಪಪ್ಪಾಗೆ ಸ್ವಲ್ಪ ಸಮಝಾಯಿಸಿ. ಘರ್ ಮೇ ಫ್ರಿಜ್ ಬಂದ್, ಟಿವಿ ಬಂದ್, ಫ್ಯಾನ್ ಒಂದು ನಂಬರ್ ಮೇಲೆ ಇದೆ. ಮಮ್ಮಿ ಗುಸ್ಸಾ ಆಗಿದ್ದಾಳೆ."

"ಯಾಕವಾ, ಕರೆಂಟು ಹೋಗ್ಯದೇನು?"

"ಕರೆಂಟ್ ಇದೆ ಆಂಟಿ. ಪಪ್ಪಾ ಸೂರ್ಯ ಪೆ ದಯಾ ಮಾಡ್ತಾ ಇದ್ದಾರೆ."

ನಾ ವ್ಯಾಪಾರಿಗಳಿಗೆ ಫೋನ್ ಹಚ್ಚಿದೆ. ಅವರು ಭಾಳ ಸಂಕೋಚದಿಂದ ಅಂದ್ರು: "ಏನ್ ಮಾಡೂದ್ರಿ ಮೇಡಂ, ಮಾಡ ಮುಸುಕಿ ಕುಂತೈತಿ. ಆ ಮಾರಾಯಾ ಹೆಂಗೋ ತ್ರಾಸ ಮಾಡ್ಕೊಂಡು ಇಷ್ಟ ಕಳಸಾಕತ್ತಾನು, ನಾವು ಕುಂತಲ್ಲೆ ಕುಂತು ಎಸಿ ಹಚ್ಚೂದು ಸರಿ ಕಾಣ್ಸೂದಿಲ್ರಿ."

ನಾ ತಿಳಿಸಿ ಹೇಳಿದೆ. ಸೂರ್ಯ ಒಬ್ಬನಽ ಅಲ್ಲ, ಗಾಳಿ ಯಂತ್ರನೂ ಅವ. ಮಳಿಗಾಲದೊಳಗ ಸಾತಾರಾ ಕಡೆ ಗುಡ್ಡದ ಮ್ಯಾಲೆ ಗಾಳಿ ಜೋರು ಬೀಸ್ತದ, ವರ್ಷದೊಳಗ ಹೆಚ್ಚು ಗಾಳಿ ಕರೆಂಟು ಆಗೂದು ಆವಾಗಽ. ನೀವೇನೂ ಚಿಂತಿ ಮಾಡಬ್ಯಾಡ್ರಿ ಅಂದೆ.

"ಗಾಳಿ ಐತಂತೀರಿ?"

"ಭರಪೂರ ಅದ್ರಿ."

"ಭಾಳ ಉಪಕಾರ ಆತ್ರಿ ಮೇಡಂ" ಅಂದು, ಫೋನ್ ಇಡೂದಕ್ಕಿಂತ ಮೊದಲಽ ಮನಿ ಕಡೆ ತಿರಗಿ, "ಏ, ಗಾಳಿ ಐತಂತ. ಎಲ್ಲಾ ಹಚ್ರಿ" ಅಂತ ಕೂಗಿದ್ದು ನನಗೂ ಕೇಳಿಸ್ತು. ಅವರ ಮನಿಯಾಕಿ ಫೋನಿನೊಳಗ ನನಗ ಕೊಟ್ಟ ಆಶೀರ್ವಾದ ನನ್ನ ತಾಯಿನೂ ಕೊಟ್ಟಿಲ್ಲ.

ಆ ತಿಂಗಳು ಪೂರಾ ಅವರು ಮುಂಜಾನೆ ಎದ್ದು ಹವಾಮಾನದ ಸುದ್ದಿ ನೋಡೂದು, ಸಾತಾರಾದಾಗ ಗಾಳಿ ಐತಿ ಅಂದ ಕೂಡ್ಲೆ ಎರಡೂ ಕೋಣಿ ಎಸಿ ಹಚ್ಚೂದು. ಬಂದ ಗಾಳಿ ಸುಮ್ನ ಹಾಳಾಗಿ ಹೋಗಬಾರದು ಅನ್ನೂದು ಅವರ ವಿಚಾರ. ತಿಂಗಳ ಕೊನೀಗೆ ಬಿಲ್ಲು ಬಂತು. ಅವತ್ತಽ ಸಂಜೀಕ ಫೋನು ಬಂತು. ಸಿಟ್ಟಿಲ್ಲ, ಜಗಳಿಲ್ಲ, ಮೊದಲಿನಂಗಽ ಸಂಕೋಚದ ದನಿ.

"ಮೇಡಂ, ನಿಮಗ ಸಾತಾರಾದಾಗ ಗುರ್ತಿನವರು ಇರ್ತಾರು. ಗಾಳಿ ಸ್ವಲ್ಪ ಕಡಿಮಿ ಮಾಡಾಕ ಹೇಳ್ರೆಲ್ಲಾ."

ಪಾರಿವಾಳದ ಮೀಟಿಂಗು

ಹೋಟೆಲು ಬಂತು, ಅಂಗಡಿ ಬಂದ್ವು, ಮನಿ ಬಂದ್ವು. ಸೊಸೈಟಿ ಮಾತ್ರ ಒಂದೂ ಬರಲಿಲ್ಲ. ಸೊಸೈಟಿ ಅಂದ್ರ ಬಿಲ್ಡಿಂಗಿನ ಲಿಫ್ಟು, ನೀರಿನ ಪಂಪು, ಮೆಟ್ಟಲಿನ ಲೈಟು, ಇವೆಲ್ಲಕ್ಕೂ ಎಲ್ಲಾರ ಪಾಲಿನೊಳಗ ಇರೂ ಒಂದಽ ಮೀಟರು. ಅದಕ್ಕ ಒಬ್ರು ಒಪ್ಪಿದ್ರ ಸಾಲಂಗಿಲ್ಲ, ಎಲ್ಲಾರೂ ಕೂತು ಠರಾವು ಮಾಡಬೇಕು. ಮುಂಬಯಿಯೊಳಗ ಎಲ್ಲಾರೂ ಒಂದಽ ಕಡೆ ಕೂಡೂದು ಲೋಕಲ್ ಟ್ರೇನಿನೊಳಗ ಮಾತ್ರ.

ದೀಪಾವಳಿ ಆದ ಮ್ಯಾಲೆ ಸಾಹೇಬರು, "ಬ್ಯಾರೇವರದು ಬಿಡ್ರಿ, ನಿಮ್ಮ ಸ್ವಂತ ಬಿಲ್ಡಿಂಗ್ ಯಾಕ ಬಂದಿಲ್ಲ?" ಅಂತ ಕೇಳಿದ್ರು. ಮಾತು ನೆಟ್ಟಗ ಎದಿಗೆ ನಾಟ್ತು. ನಮ್ಮ ಬಿಲ್ಡಿಂಗಿನ ಸೆಕ್ರೆಟರಿಯವರನ್ನ ಕೇಳಿ ಒಂದು ಮೀಟಿಂಗ್ ಕರಸಿದೆ. ಸೆಕ್ರೆಟರಿಯವರು ಬ್ಯಾಂಕಿನಿಂದ ನಿವೃತ್ತಿ ಆದ ಮರಾಠಿ ಗೃಹಸ್ಥರು. ಮುಖದ ಮ್ಯಾಲೆ ನಗು ಅನ್ನೂದನ್ನ ನಾ ಒಮ್ಮೆನೂ ಕಂಡಿರಲಿಲ್ಲ.

ಭಾನುವಾರ ಪಾರ್ಕಿಂಗಿನೊಳಗ ಪ್ಲಾಸ್ಟಿಕ್ ಖುರ್ಚಿ ಹಾಕಿದ್ವಿ. ಜನ ಬಂದ್ರು, ಬಹುತೇಕ ಗಂಡಸರು. ನಾ ಹಿಂದಿನ ದಿನಾನಽ ತಯಾರಿ ಮಾಡ್ಕೊಂಡು, ಸೂರ್ಯ, ಗಾಳಿ, ಮಕ್ಕಳ ಭವಿಷ್ಯ, ಅತ್ತಿಯವರ ಹಂಡೆ, ಎಲ್ಲಾ ಹೇಳಿದೆ. ಎಲ್ಲಾರೂ ಭಾಳ ಗಂಭೀರ ಆಗಿ ಕೇಳಿದ್ರು. ಕಣ್ಣಾಗ ನೀರು ಬರೂದೊಂದು ಬಾಕಿ. "ಏನರೆ ಪ್ರಶ್ನೆ ಇದ್ರ ಕೇಳ್ರಿ" ಅಂದೆ.

ಮೊದಲನೇ ಕೈ ಮ್ಯಾಲೆ ಹೋತು. "ನಮ್ಮ ಬಾತ್‌ರೂಮಿನ ಛತ್ತು ಸೋರ್ತದ. ಮ್ಯಾಲಿನವರು ಯಾವಾಗ ರಿಪೇರಿ ಮಾಡಸ್ತಾರ?"

ಮ್ಯಾಲಿನವರು ಅಲ್ಲೆನಽ ಇದ್ರು. "ಮೊದಲ ನಿಮ್ಮ ಗಾಡಿ ನಮ್ಮ ಜಾಗಾದಿಂದ ತಗೀರಿ, ಆಮ್ಯಾಲೆ ಛತ್ತಿನ ಮಾತು" ಅಂದ್ರು. ಗಾಡಿ ಮಾತು ಬಂದ ಮ್ಯಾಲೆ ಇನ್ನ ಯಾರು ಸುಮ್ನ ಕೂಡ್ತಾರ? ಗಾಡಿ ಮ್ಯಾಲೆ ಪಾರಿವಾಳ ಹೊಲಸು ಮಾಡೂದು ಬಂತು. ಪಾರಿವಾಳಕ್ಕ ಕಾಳು ಹಾಕೋರು ಯಾರು ಅನ್ನೂದು ಬಂತು. ಕಾಳು ಹಾಕೋರು ಎದ್ದು ನಿಂತು ಪಾಪ-ಪುಣ್ಯ ತಗದ್ರು. ನಾ ಮೈಕ್ ಹಿಡಕೊಂಡು ಮದುವಿ ಮನಿಯೊಳಗ ಯಾರೂ ಮಾತಾಡಸಲಾರದ ಬೀಗರಂಗ ನಿಂತಿದ್ದೆ.

ಕೊನೀಗೆ ಸೆಕ್ರೆಟರಿಯವರು ನನ್ನ ಕಡೆ ತಿರಗಿದ್ರು. ಅವರ ಮಾತು ಒರಟು ಇದ್ರೂ ಸುಳ್ಳು ಇರಲಿಲ್ಲ. "ವಹಿನಿ, ನಿಮ್ಮದು ಛಲೋ ವಿಷಯ. ಆದ್ರ ಇದರ ಕಾಗದಾ ಹಿಡ್ಕೊಂಡು ಓಡಾಡೋರು ಯಾರು? ನಾನು. ಲಿಫ್ಟು ಕೆಟ್ರ ನಾನು, ನೀರು ನಿಂತ್ರ ನಾನು. ಇನ್ನ ಸೂರ್ಯನ ಹಿಂದೂ ನಾನಽ ಓಡ್ಲೇನು? ನನ್ನ ವಿರೋಧ ಅದ."

ಸಂಜೀಕ ಮೀಟಿಂಗಿನ ವರದಿ ನೋಟಿಸ್ ಬೋರ್ಡಿಗೆ ಬಂತು. ಎರಡಽ ಸಾಲು ಇತ್ತು. ಪಾರಿವಾಳದ ಬಗ್ಗೆ ತಕ್ಷಣ ಕ್ರಮ ತಗೊಳ್ಳುವುದು. ಸೂರ್ಯನ ಬಗ್ಗೆ ಮುಂದೆ ನೋಡುವುದು.

ಉಡಿ

ಸಂಕ್ರಾಂತಿ ಬಂತು. ನನ್ನ ವರ್ಷ ಮುಗೀಲಿಕ್ಕೆ ಬಂದಿತ್ತು. ಸಾಹೇಬರು ಕೆಟ್ಟವರಲ್ಲ, ಆದ್ರ ನನ್ನ ಟೇಬಲ್ ಅಳತಿ ತಗೊಂಡು ಹೋಗ್ಲಿಕ್ಕೆ ಯಾರೋ ಬಂದಿದ್ರು. ಅವತ್ತು ಮನಿಗೆ ಬಂದು ಅಡಿಗಿಮನಿಯೊಳಗ ನಿಂತು ಅತ್ತುಬಿಟ್ಟೆ. ಹಸಿಮೆಣಸಿನಕಾಯಿ ಹೆಚ್ಚಲಿಕ್ಕೆ ಹತ್ತೀನಿ ಅಂತ ಹೇಳಿದೆ. ಅತ್ತಿಯವರು ಚಾಕೂ ನೋಡಿದ್ರು, ಮಣಿ ನೋಡಿದ್ರು, ಎರಡರ ಮ್ಯಾಲೂ ಮೆಣಸಿನಕಾಯಿ ಇರಲಿಲ್ಲ.

"ಎಷ್ಟು ಮಂದಿ ಒಪ್ಪಬೇಕು?" ಅಂತ ಕೇಳಿದ್ರು.

"ಇಡೀ ಬಿಲ್ಡಿಂಗ್‌ರಿ."

"ಆತು. ಶುಕ್ರವಾರ ಅರಿಷಿಣ-ಕುಂಕುಮಕ್ಕ ಎಲ್ಲಾರನ್ನೂ ಕರಿ, ಭಾನುವಾರ ಮತ್ತ ಮೀಟಿಂಗ್ ಕರಸು. ಉಳಿದದ್ದು ನನಗ ಬಿಡು."

ಸಂಕ್ರಾಂತಿಯಿಂದ ರಥಸಪ್ತಮಿತನಕಾ ಮುಂಬಯಿಯ ಬಿಲ್ಡಿಂಗಿನೊಳಗ ಹೆಣ್ಣಮಕ್ಕಳಿಗೆ ಇದಽ ಕೆಲಸ. ಒಬ್ಬರ ಮನಿಯಿಂದ ಇನ್ನೊಬ್ಬರ ಮನಿ, ಅರಿಷಿಣ, ಕುಂಕುಮ, ಎಳ್ಳು, ಕೈಗೊಂದು ಪ್ಲಾಸ್ಟಿಕ್ ಡಬ್ಬಿ. ನಾನೂ ಡಬ್ಬಿ ತಂದಿಟ್ಟಿದ್ದೆ. ಆದ್ರ ನಮ್ಮ ಅತ್ತಿಯವರು ಡಬ್ಬಿ ಮುಟ್ಟಲಿಲ್ಲ. ಬಂದವರಿಗೆಲ್ಲ ಸಾಲಾಗಿ ಮಣಿ ಹಾಕಿ ಕೂಡಿಸಿ, ಉಡಿ ತುಂಬಲಿಕ್ಕೆ ಸುರು ಮಾಡಿದ್ರು. ಅಕ್ಕಿ, ತೆಂಗಿನಕಾಯಿ, ಎಲಿ-ಅಡಿಕಿ, ಕುಬುಸದ ಕಣ. ನಾ ಒಳಗಿನಿಂದ ಕಾಫಿ ತಗೊಂಡು ಬಂದು ನೋಡ್ತೀನಿ, ಎಲ್ಲಾರ ಸೆರಗಿನೊಳಗ ತೆಂಗಿನಕಾಯಿ ಬಾಜೂಕ ಸುರಳಿ ಸುತ್ತಿ, ಅರಿಷಿಣದ ದಾರ ಕಟ್ಟಿದ ಒಂದು ಕಾಗದ. ನನ್ನ ಬ್ಯಾಗಿನೊಳಗಿನ ಕಂಪನಿಯ ಹಸರು ಕರೆಂಟಿನ ಕಾಗದ.

ಅತ್ತಿಯವರಿಗೆ ಕನ್ನಡ ಬಿಟ್ರ ಬ್ಯಾರೆ ಮಾತು ಬರಂಗಿಲ್ಲ, ಎದುರಿಗೆ ಕೂತವರು ಮರಾಠಿ, ಗುಜರಾತಿ, ಹಿಂದಿಯವರು. ಅವರು ಒಬ್ಬೊಬ್ಬರ ಗಲ್ಲಾ ಹಿಡದು, "ಸೂರ್ಯನಾರಾಯಣ. ಭಾನುವಾರ. ಮೀಟಿಂಗ್" ಅಂತ ಮೂರಽ ಮಾತು ಹೇಳಿದ್ರು. ಉಡಿಯೊಳಗ ಬಿದ್ದದ್ದನ್ನ ವಾಪಸ್ ಕೊಡಂಗಿಲ್ಲ, ಬ್ಯಾಡ ಅನ್ನಂಗಿಲ್ಲ. ಇದಕ್ಕ ಭಾಷಾ ಬೇಕಾಗಿರಲಿಲ್ಲ. ಮರಾಠಿಯವರು ಇದನ್ನ ಓಟಿ ಅಂತಾರ, ಕಾಯಿದೆ ಅದಽ. ಎಲ್ಲಾರೂ ಕಾಗದಾನ ಕಣ್ಣಿಗೊತ್ತಿಕೊಂಡು, ಸೆರಗು ಗಂಟು ಹಾಕ್ಕೊಂಡು ಹೋದ್ರು. ಸೆಕ್ರೆಟರಿಯವರ ಮನಿಯಾಕಿನೂ ಅದರೊಳಗ ಇದ್ರು.

ಭಾನುವಾರದ ಮೀಟಿಂಗಿಗೆ ಯಾವತ್ತೂ ಬರಲಾರದ ಹೆಣ್ಣಮಕ್ಕಳೆಲ್ಲ ಬಂದು ಮುಂದಿನ ಸಾಲಿನೊಳಗ ಕೂತ್ರು. ಗಂಡಸರಿಗೆ ಹಿಂದಿನ ಖುರ್ಚಿ. ಸೆಕ್ರೆಟರಿಯವರು ವಿಷಯ ಓದಿ, "ಪರವಾಗಿ ಇದ್ದವರು ಕೈ ಎತ್ರಿ" ಅಂದ್ರು. ಮುಂದಿನ ಸಾಲು ಒಮ್ಮೆ ಹಿಂದ ತಿರಗಿ ನೋಡ್ತು. ಒಂದೊಂದಾಗಿ ಕೈ ಮ್ಯಾಲೆ ಏರಿದ್ವು. ಛತ್ತು ಸೋರೋರದೂ ಏರ್ತು, ಮ್ಯಾಲಿನವರದೂ ಏರ್ತು. ನನ್ನ ಹಿಂದ ಒಬ್ಬರು ಬಾಜೂದವರನ್ನ, "ಇದು ಯಾತಕ್ಕ?" ಅಂತ ಕೇಳಿದ್ರು. "ನನಗೂ ಗೊತ್ತಿಲ್ಲ. ಓಟಿ ಭರಲಿ ಆಹೆ, ಉಡಿ ತುಂಬ್ಯಾರಂತ. ಸುಮ್ನ ಎತ್ರಿ" ಅನ್ನೂದು ಉತ್ತರ.

"ವಿರೋಧ ಇದ್ದವರು?" ಅಂತ ಕೇಳಿ ಸೆಕ್ರೆಟರಿಯವರು ತಮ್ಮ ಕೈ ತಾವಽ ಎತ್ತಿದ್ರು. ಮುಂದಿನ ಸಾಲಿನಿಂದ ಅವರ ಮನಿಯಾಕಿ ಗಂಡನ್ನ ಕರಿಯೂ ಒಂದಽ ಮಾತು ಅಂದ್ರು. "ಅಹೋ." ಅಷ್ಟಽ. ಮ್ಯಾಲೆ ಹೋದ ಕೈ ಅಲ್ಲೆ ಒಂದು ಗಳಿಗಿ ನಿಂತು, ನಿಧಾನಕ್ಕ ಇಳದು, ತಲಿ ಕೆರಕೊಂಡು, ಪೆನ್ನು ಹಿಡದು, ಠರಾವಿಗೆ ಸಹಿ ಮಾಡ್ತು.

ನಾ ಅಲ್ಲೆ ಪಾರ್ಕಿಂಗಿನೊಳಗ ನಿಂತು ಸಾಹೇಬರಿಗೆ ಫೋನ್ ಹಚ್ಚಿದೆ. ಅವರಿಗೆ ನನಗಿಂತ ಹೆಚ್ಚು ಖುಷಿ. ಟೇಬಲ್ ಇರ್ತದ, ಖುರ್ಚಿಗೆ ಗಾಲಿನೂ ಹಾಕಸ್ತೀನಿ ಅಂದ್ರು. ಮನಿಗೆ ಹೋಗಿ ಅತ್ತಿಯವರ ಕಾಲು ಮುಟ್ಟಿದೆ. ನಮ್ಮಿಬ್ಬರೊಳಗ ಅಪ್ಪಿಕೊಳ್ಳೂ ರೂಢಿ ಇಲ್ಲ, ಆದ್ರ ಅವತ್ತು ಅಪ್ಪಿಕೊಂಡೆ. "ಮಡಿಯೊಳಗ ಇದ್ದೆನಲ್ಲಽ, ಇನ್ನ ಮತ್ತ ಸ್ನಾನ" ಅಂತ ಬೈದ್ರು. ಬೈಕೋತನಽ ನನ್ನ ಬೆನ್ನು ಸವರಿದ್ರು. ಈ ಊರು, ಈ ಬಿಲ್ಡಿಂಗು, ಈ ಮುದುಕಿ ಇರಲಿಲ್ಲ ಅಂದ್ರ ನಾ ಇವತ್ತು ಆಫೀಸಿಗೆ ಹೊಂಟೀನಿ ಅಂತ ಅನ್ನಲಿಕ್ಕೆ ಆಗ್ತಿರಲಿಲ್ಲ. ಇದನ್ನ ದಿನಾ ನೆನಸ್ತೀನಿ.

ರಥಸಪ್ತಮಿ ದಿನ, ಅರಿಷಿಣ-ಕುಂಕುಮದ ಕಡೀ ದಿನ, ಸೆಕ್ರೆಟರಿಯವರ ಮನಿಯಾಕಿ ನನ್ನನ್ನೂ ಅತ್ತಿಯವರನ್ನೂ ಕರದ್ರು. ಸಿಟ್ಟಾಗ್ಯಾರೇನೋ ಅಂತ ನಾ ಅಂಜಿಕೋತನಽ ಹೋದೆ. ಇಲ್ಲ, ಭಾಳ ಪ್ರೀತಿಲೆ ಬರಮಾಡಿಕೊಂಡ್ರು. ಇಬ್ಬರಿಗೂ ಮಣಿ ಹಾಕಿದ್ರು. ನನಗ ಛಲೋ ರೇಷ್ಮಿ ಕುಬುಸದ ಕಣ ಕೊಟ್ಟು ಉಡಿ ತುಂಬಲಿಕ್ಕೆ ಹತ್ತಿದ್ರು. ಅಕ್ಕಿ ಹಾಕಿದ್ರು, ಕಾಯಿ ಹಾಕಿದ್ರು, ಹಣ್ಣು ಹಾಕಿದ್ರು. ಆಮ್ಯಾಲೆ ಇನ್ನೊಂದೇನೋ ಹಾಕಿದ್ರು. ಭಾರ ಇತ್ತು, ಝಣ್ ಅಂತ ಸಪ್ಪಳಾತು. ಬಗ್ಗಿ ನೋಡಿದ್ರ ಕೀಲಿಕೈ ಗೊಂಚಲು. ಮೀಟರ್ ರೂಮಿಂದು, ಪಂಪಿಂದು, ಟೆರೇಸಿಂದು, ಲಿಫ್ಟಿನ ಮಷಿನ್ನಿಂದು.

ನಾ ಮುಖ ಎತ್ತಿ ನೋಡಿದೆ. ಆ ತಾಯಿ ಕಣ್ಣಾಗ ನೀರಿತ್ತು. "ಎಷ್ಟೋ ವರ್ಷದಿಂದ ಇವರು ಈ ಸೆಕ್ರೆಟರಿ ಕೆಲಸ ಯಾರರೆ ತಗೋಳ್ರಿ ಅಂತ ಬಿಲ್ಡಿಂಗ್ ತುಂಬ ಕೈ ಮುಗದ್ರು, ಒಬ್ಬರೂ ತಗೊಳ್ಳಲಿಲ್ಲ. ಲಿಫ್ಟು ಬಿಟ್ಟು ಒಂದಿನ ಮಗಳ ಮನಿಗೂ ಹೋಗಿಲ್ಲ ನಾವು. ಓಟಿಯೊಳಗ ಹಾಕಿದ್ರ ಬ್ಯಾಡ ಅನ್ನಲಿಕ್ಕೆ ಬರಂಗಿಲ್ಲ ಅನ್ನೂದು ನಿಮ್ಮ ಅತ್ತಿಯವರನ್ನ ನೋಡಿದ ಮ್ಯಾಲೆ ಹೊಳೀತು. ಅವರ ಉಪಕಾರ" ಅಂದ್ರು. ಒಳಗಿನ ಬಾಗಲಾಗ ಸೆಕ್ರೆಟರಿಯವರು ನಿಂತಿದ್ರು. ಅವರ ಮುಖದ ಮ್ಯಾಲೆ ನಗು ಹೆಂಗ ಕಾಣ್ತದ ಅಂತ ಅವತ್ತು ಗೊತ್ತಾತು, ಭಾಳ ಛಂದ ಕಾಣ್ತದ.

ನಾ ಏನರೆ ದಾರಿ ತೋರಸ್ರಿ ಅನ್ನೂ ಹಂಗ ಅತ್ತಿಯವರ ಕಡೆ ನೋಡಿದೆ. ಅವರು ತಮ್ಮ ಉಡಿ ಗಂಟು ಹಾಕ್ಕೋತ ಅಂದ್ರು:

"ನನ್ನ ಮುಖಾ ಏನ್ ನೋಡ್ತೀ? ಸೆರಗು ಗಟ್ಟಿ ಹಿಡಿ. ಕೀಲಿಕೈ ಬಿದ್ರ ನಾಳೆ ನಸುಕಿನ್ಯಾಗ ಪಂಪು ಹಚ್ಚೋರು ಯಾರು?"